ಇವರಿಗೆಂದು ತೆಗೆದ ಹೊಂಡ

ಹೋದ ತಿಂಗಳು ನಮ್ಮ ಇಗರ್ಜಿಯ ಹಬ್ಬದ ದಿನ, ಊಟಕ್ಕೆ ಮುಂಚೆ, ಫಾದರ್ ಮೈಕ್ ಹಿಡಿದು ನನ್ನನ್ನು ಎದ್ದು ನಿಲ್ಲಿಸಿದರು. ಕಷ್ಟಕಾಲದಲ್ಲಿ ಸಮುದಾಯ ಹೇಗೆ ಬೆನ್ನಿಗೆ ನಿಂತಿತು ಅಂತ ಟೀಚರ್ ಎರಡು ಮಾತು ಹೇಳಲಿ ಎಂದರು. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ಮಕ್ಕಳ ಮುಂದೆ ಗಂಟಲು ಹರಿದುಕೊಂಡವಳು ನಾನು, ಮಾತಿಗೆ ತಡವರಿಸುವವಳಲ್ಲ. ಆದರೂ ಮೈಕ್ ಕೈಗೆ ಬಂದಾಗ ಏನೂ ಹೊರಡಲಿಲ್ಲ. ಎಲ್ಲರಿಂದಲೂ ಉಪಕಾರ ಆಯಿತು ಅಂತ ಒದರಿ ಕೂತುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವಳು, ಪಾಪ, ದುಃಖ ಒತ್ತರಿಸಿ ಬಂತು ಅಂದುಕೊಂಡು ನನ್ನ ಕೈ ಅದುಮಿದಳು. ದುಃಖ ಇರಲಿಲ್ಲ ಅಂತಲ್ಲ. ಆದರೆ ಮಾತು ಹೊರಡದಿದ್ದದ್ದು ನಾಚಿಕೆಯಿಂದ. ಆ ಜನ ನನಗೆ ಮಾಡಿದ್ದೇನು, ಅದೇ ಹೊತ್ತಿಗೆ ನನ್ನ ಮನಸ್ಸು ಮಾಡಿದ್ದೇನು ಅನ್ನುವುದನ್ನು ಊಟಕ್ಕೆ ಕೂತವರ ಮುಂದೆ ಹೇಳಲಾಗುವುದಿಲ್ಲ. ಇಲ್ಲಿ ಬರೆಯುತ್ತೇನೆ.

ನಮ್ಮದು ಸಿದ್ದಾಪುರ ತಾಲೂಕು, ಹೆಗ್ಗರಣೆ ಕಡೆ. ಅಜ್ಜಂದಿರ ಕಾಲದಲ್ಲಿ ಕಲ್ಲು ಕೆಲಸಕ್ಕೆ, ಮರಗೆಲಸಕ್ಕೆ ಅಂತ ಕರಾವಳಿಯಿಂದ ಘಟ್ಟ ಹತ್ತಿ ಬಂದು ಇಲ್ಲೇ ನಿಂತವರು. ಮನೆಯೊಳಗೆ ಕೊಂಕಣಿ, ಹೊಸಿಲು ದಾಟಿದರೆ ಕನ್ನಡ. ಈಗೀಗ ಮನೆಯೊಳಗೂ ಕನ್ನಡವೇ. ಮೂವತ್ತು ಚಿಲ್ಲರೆ ಮನೆಗಳ ಸಣ್ಣ ಇಗರ್ಜಿ. ಹೊಂಡ ತೆಗೆಯಲು ಬೇರೆ ಆಳಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮನೆಗೊಬ್ಬ ಗಂಡಸು ಪಿಕಾಸಿಯೋ ಹಾರೆಯೋ ಹಿಡಿದು ಸ್ಮಶಾನಕ್ಕೆ ಹೋಗಬೇಕು. ನೆಲ ಎಂಥದು ಅಂದರೆ, ಮೇಲೆ ಒಂದು ಮೊಳ ಮಣ್ಣು, ಕೆಳಗೆ ಪೂರ್ತಿ ಚಿರೆಕಲ್ಲು. ಬೇಸಿಗೆಯಲ್ಲಂತೂ ಹಾರೆಯ ಮೊನೆಯೇ ಮಡಚಿಕೊಳ್ಳುತ್ತದೆ. ಆರಡಿ ಇಳಿಯಲು ಹತ್ತು ಜನಕ್ಕೆ ಒಂದಿಡೀ ಹಗಲು ಬೇಕು. ಅದಕ್ಕೇ ನಮ್ಮಲ್ಲೊಂದು ರೂಢಿ: ಸುದ್ದಿ ಬಂದ ಕೂಡಲೇ, ಹೆಣ ಮನೆ ಮುಟ್ಟುವವರೆಗೂ ಕಾಯದೆ, ಗಂಡಸರು ಸೀದಾ ಹೊಂಡ ತೆಗೆಯಲು ನಡೆಯುತ್ತಾರೆ. ಮನೆಗೆ ಬಂದು ಅಳುವುದು ಆಮೇಲೆ.

ಈ ಕೆಲಸಕ್ಕೆ ಯಾವಾಗಲೂ ಮುಂದಾಳು ನನ್ನ ಗಂಡ. ಮೂವತ್ತು ವರ್ಷ ಚಿರೆಕಲ್ಲು ಕಡಿದ ಮನುಷ್ಯ. ಮೊದಲು ಕೈಯಲ್ಲಿ, ಆಮೇಲೆ ಮಷಿನ್ನಿನಲ್ಲಿ. ಕಲ್ಲು ಎಲ್ಲಿ ಸೀಳುತ್ತದೆ ಅಂತ ಅಂಗಾಲಲ್ಲೇ ಗೊತ್ತಾಗುತ್ತಿತ್ತು. ಸತ್ತವರ ಎತ್ತರ ನೆನಪಿಟ್ಟುಕೊಂಡು ಅಳತೆ ಹಾಕುತ್ತಿದ್ದರು, ಮೂಲೆ ಗುಂಡಗಾದರೆ ಬೈಯುತ್ತಿದ್ದರು. ಸತ್ತವರಿಗೆ ಮೂಲೆ ಗುಂಡಗಿದ್ದರೇನು ಚೌಕ ಇದ್ದರೇನು ಅಂತ ನಾನು ರೇಗಿಸಿದರೆ, ಕೆಲಸ ಕೆಲಸವೇ ಅಂದುಬಿಡುತ್ತಿದ್ದರು. ಮಷಿನ್ನು ಬಂದ ಮೇಲೆ ಕೆಲಸ ಹಗುರಾಯಿತು, ಆದರೆ ಅದು ಎಬ್ಬಿಸುವ ಕೆಂಪು ದೂಳು ಎದೆಯೊಳಗೆ ಸೇರಿ ಗಟ್ಟಿಯಾಯಿತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಅಂತ ಎಷ್ಟು ಹೊಯ್ಕೊಂಡೆನೋ ಲೆಕ್ಕವಿಲ್ಲ. ಬೀಡಿ ಸೇದುವವರಿಗೆ ಬಟ್ಟೆ ಅಡ್ಡ ಬರುತ್ತದಂತೆ. ನಮಗೆ ಮಕ್ಕಳಿಲ್ಲ. ನನಗಿದ್ದವರು ಇವರೊಬ್ಬರೇ.

ಮೂರು ವರ್ಷದ ಹಿಂದೆ, ನಮ್ಮ ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಒಂದು ವಾರ ಇರುವಾಗ, ಇವರಿಗೆ ಉಸಿರು ಕಟ್ಟಿತು. ಸಿರಸಿಯಲ್ಲಿ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಹತ್ತು ದಿನ ಗಂಟಲಿಗೆ ನಳಿಕೆ ಹಾಕಿ ಮಲಗಿಸಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಕರೆದು, ಎದೆಯೊಳಗೆ ಇನ್ನೇನೂ ಉಳಿದಿಲ್ಲ, ನಳಿಕೆ ತೆಗೆದರೆ ಒಂದು ತಾಸು, ಬಹಳ ಅಂದರೆ ಎರಡು ತಾಸು ಎಂದರು. "ಮನೀಗೆ ಒಯ್ರಿ, ಬಾಯಾರ. ದಾರ್ಯಾಗ ಏನಾದ್ರೂ ಆದ್ರ ಗಾಬರಿ ಆಗಬ್ಯಾಡ್ರಿ," ಅಂದರು. ಒಳ್ಳೆಯ ಮನುಷ್ಯ, ಹೇಳುವಾಗ ಅವರ ಕಣ್ಣೂ ಕೆಂಪಾಗಿತ್ತು.

ನಾನು ಹೊರಗೆ ಬಂದು ಫಾದರಿಗೆ ಫೋನು ಮಾಡಿದೆ. ಎಂಟು ಗಂಟೆ ಆಗಿತ್ತು. "ಇವರು ಹೋದರು ಅಂತಲೇ ತಿಳ್ಕೊಳ್ಳಿ, ಫಾದರ್. ಕರ್ಕೊಂಡು ಬರ್ತಿದೀನಿ," ಅಂದೆ. ತಪ್ಪು ಅಂದರೆ ಅಷ್ಟೇ. ಅದನ್ನು ಆಡಿದ್ದು ನನ್ನದೇ ಬಾಯಿ.

ನಳಿಕೆ ತೆಗೆದು, ಆಸ್ಪತ್ರೆಯ ಕಾಗದಪತ್ರ ಮುಗಿದು ಹೊರಡುವಾಗ ಹನ್ನೊಂದಾಗಿತ್ತು. ಮುಂಡಗೋಡದ ರಸ್ತೆ ಅಗೆದಿಟ್ಟಿದ್ದರು, ಆಂಬುಲೆನ್ಸಿನವ ಯಲ್ಲಾಪುರದ ಮೇಲೆ ಬಂದ. ದಾರಿಯುದ್ದಕ್ಕೂ ನಾನು ಇವರ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ, ಯಾವ ಉಸಿರು ಕೊನೆಯದೋ ಅಂತ. ಒಂದು ತಾಸಾಯಿತು, ಎರಡಾಯಿತು. ಯಲ್ಲಾಪುರ ಪೇಟೆಯಲ್ಲಿ ಗಾಡಿ ನಿಧಾನವಾದಾಗ ಇವರು ಕಣ್ಣು ಬಿಟ್ಟರು. ನನ್ನನ್ನು ನೋಡಿದರು. ಎಲ್ಲಿಗೆ ಬಂದ್ವಿ ಅಂತ ಕೇಳಿದರು. ಯಲ್ಲಾಪುರ ಅಂದೆ.

"ಚಾ ಸಿಗ್ತದಾ?" ಅಂದರು.

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಆಂಬುಲೆನ್ಸಿನ ಹುಡುಗಿ ನರ್ಸು ಇಳಿದು ಓಡಿಹೋಗಿ ಚಾ ತಂದಳು. ಚಮಚದಲ್ಲಿ ನಾಲ್ಕು ಗುಟುಕು ಕುಡಿದರು. ತಕ್ಷಣ ಫಾದರಿಗೆ ಫೋನು ಹಚ್ಚಿ, ಇವರು ಮಾತಾಡ್ತಿದಾರೆ, ಚಾ ಕುಡಿದರು ಅಂದೆ. ಫಾದರ್ ಒಳ್ಳೇದು, ಒಳ್ಳೇದು, ಜೋಪಾನವಾಗಿ ಬನ್ನಿ ಅಂದರು. ದನಿ ಸರಿ ಇರಲಿಲ್ಲ. ನನಗೆ ಅದನ್ನು ಯೋಚಿಸುವಷ್ಟು ವ್ಯವಧಾನ ಎಲ್ಲಿತ್ತು.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅಂಗಳಕ್ಕೆ ತಗಡು ಹೊದೆಸಿ, ಇಗರ್ಜಿಯ ಕುರ್ಚಿ ಸಾಲಾಗಿ ಇಟ್ಟಿದ್ದರು. ಹೆಂಗಸರು ಒಳಗೆ ಚಾಪೆ ಹಾಸಿ, ಮೇಣದ ಬತ್ತಿ ತಯಾರು ಮಾಡಿಕೊಂಡಿದ್ದರು. ಗಂಡಸರು ಹತ್ತು ಹನ್ನೆರಡು ಮಂದಿ ಗೋಡೆಗೆ ಒರಗಿ ನಿಂತಿದ್ದರು, ಮೊಣಕೈವರೆಗೂ ಕೆಂಪು ದೂಳು. ಒಬ್ಬರೂ ನನ್ನ ಮುಖ ನೋಡಲಿಲ್ಲ. ಸ್ಟ್ರೆಚರ್ ಹಿಡಿದು ಇವರನ್ನು ಒಳಗೆ ಮಲಗಿಸಿದರು, ಎಷ್ಟು ಮೆತ್ತಗೆ ಅಂದರೆ ಮೊಟ್ಟೆ ಇಡುವ ಹಾಗೆ. ಹೊರಗೆ ಬಂದು ಎಷ್ಟು ಆಳ ತೆಗೆದಿರಿ ಅಂತ ಕೇಳಿದೆ. ಪೂರ್ತಿ ಆರಡಿ ಅಂತ ಹಿಂದಿನಿಂದ ಯಾರೋ ಹೇಳಿದರು. ನಾಚಿಕೆ ಆಗೋದಿಲ್ಲವಾ ನಿಮಗೆ, ಜೀವ ಇರೋ ಮನುಷ್ಯನಿಗೆ ಹೊಂಡ ತೆಗೆದು ಅಂಗಳದಲ್ಲಿ ಕಾಯ್ತಾ ಕೂತಿದೀರಲ್ಲ ಅಂತ ಬಾಯಿಗೆ ಬಂದದ್ದೆಲ್ಲ ಬೈದೆ. ಪೂರ್ತಿ ಬೈಸಿಕೊಂಡರು. ಹೋದರು ಅಂತ ಫೋನಿನಲ್ಲಿ ಹೇಳಿದವಳು ನಾನೇ ಅಂತ ಒಬ್ಬನೂ ಎತ್ತಿ ಆಡಲಿಲ್ಲ.

ಇವತ್ತೇ ಮುಚ್ಚಿ ಅಂದೆ. ಮುಚ್ಚಲಿಲ್ಲ. ಒಮ್ಮೆ ಕಡಿದ ಹೊಂಡಕ್ಕೆ ಸಡಿಲ ಮಣ್ಣು ತುಂಬಿದರೆ ಮತ್ತೆ ತೆಗೆಯುವಾಗ ಬದಿ ಕುಸಿಯುತ್ತದೆ, ಆ ಜಾಗವೇ ಕೆಡುತ್ತದೆ ಅಂತ ಹಿರಿಯರು ಫಾದರಿಗೆ ಹೇಳಿದರಂತೆ. ನಿಜವಾದ ಕಾರಣ ನನಗೆ ಗೊತ್ತಿತ್ತು: ಎರಡು ದಿನಕ್ಕಿಂತ ಹೆಚ್ಚು ಇವರು ಬಾಳುವುದಿಲ್ಲ ಅಂತ ಎಲ್ಲರಿಗೂ ಖಾತ್ರಿ ಇತ್ತು. ಬಾಯಿ ತೆರೆದ ಹೊಂಡ ಊರಿಗೆ ಒಳ್ಳೆಯದಲ್ಲ, ಹೆಣದ ಬದಲು ಬಾಳೆದಿಂಡು ಹಾಕಿ ಮುಚ್ಚಿಬಿಡಿ ಅಂತ ಒಬ್ಬ ಅಜ್ಜಿ ಗೊಣಗಿದ್ದಕ್ಕೆ ಫಾದರ್ ಗದರಿದರು. ಕೊನೆಗೆ ಮೇಲೆ ತಗಡು ಹಾಸಿ, ಹಾರದ ಹಾಗೆ ಅದೇ ಹೊಂಡದ ನಾಲ್ಕು ಕಲ್ಲು ಹೇರಿಟ್ಟರು.

ಇವರಿಗೆ ಯಾರೂ ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು, ಹೊಂಡ ಆಯ್ತಾ ಅಂತ ಕೇಳಿದರು. ನಾನು ಸುಳ್ಳು ಹೇಳಲು ಬಾಯಿ ತೆಗೆಯುವುದರೊಳಗೆ ಮೊದಲ ಪಿಕಾಸಿ ಯಾರು ಹಾಕಿದ್ದು, ತಲೆಯ ಕಡೆ ಮೆತ್ತನೆ ಶೇಡಿಮಣ್ಣಿನ ಎಳೆ ಇದೆ, ಕುಸಿಯುತ್ತದೆ, ಜಾಗ್ರತೆ ಅನ್ನಬೇಕು ಅಂದರು. ನಕ್ಕರು, ನಕ್ಕಿದ್ದಕ್ಕೆ ಕಾಲು ತಾಸು ಕೆಮ್ಮಿದರು. ನನಗೆ ಮೈ ಉರಿದುಹೋಯಿತು. ಇವರು ಬದುಕಬೇಕು ಅನ್ನುವ ಆಸೆ ನನಗಿರುವಷ್ಟೂ ಈ ಮನುಷ್ಯನಿಗೆ ಇಲ್ಲವಲ್ಲ ಅನ್ನಿಸಿತು.

ಅಲ್ಲಿಂದ ಶುರುವಾಯಿತು ಜನರ ಉಪಕಾರ. ಹೊಂಡ ತೆಗೆದ ತಪ್ಪಿಗೋ, ಪ್ರೀತಿಗೋ, ದೇವರಿಗೇ ಗೊತ್ತು. ಸಿರಸಿಯಿಂದ ಆಕ್ಸಿಜನ್ ಮಷಿನ್ ತಂದು ಕೊಟ್ಟರು. ಅದು ಕರೆಂಟಿನ ಮೇಲೆ ಓಡುವಂಥದು, ನಮ್ಮ ಕಡೆ ಕರೆಂಟು ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಅನ್ನುವುದು ಲೈನ್‌ಮನ್ನಿಗೂ ತಿಳಿಯದು. ಇಗರ್ಜಿಯ ಜನರೇಟರ್ ಹೊತ್ತು ತಂದು ನಮ್ಮ ಹಿತ್ತಲಲ್ಲಿ ಇಟ್ಟರು. ಆ ತಪಸ್ಸಿನ ಕಾಲದಲ್ಲಿ ಮೂರು ಭಾನುವಾರದ ಪೂಜೆ, ಶುಕ್ರವಾರದ ಶಿಲುಬೆಯ ಹಾದಿ, ಎಲ್ಲ ಮೈಕಿಲ್ಲದೆ ನಡೆಯಿತು; ಫಾದರ್ ಗಂಟಲು ಕೂತು ಹೋಗಿತ್ತು. ಜನರೇಟರೂ ಕೈಕೊಟ್ಟರೆ ಅಂತ ಒಂದು ಸಿಲಿಂಡರು ಇವರ ತಲೆಯ ಹತ್ತಿರ ಮೂಲೆಯಲ್ಲಿ ನಿಂತಿರುತ್ತಿತ್ತು. ಖಾಲಿಯಾದದ್ದನ್ನು ಸಿರಸಿಗೆ ಒಯ್ದು ತುಂಬಿಸಿ ತರುವ ಕೆಲಸ ಗಾಡಿಯವನದು. ಅವನ ಹತ್ತಿರ ಒಂದು ಪಿಕಪ್ ಗಾಡಿ ಇತ್ತು, ಊರಿನವರೆಲ್ಲ ಗಾಡಿಯವನು ಅಂತಲೇ ಕರೆಯುವುದು. ಇವರ ಕೈಕೆಳಗೆ ಹೊಂಡದ ಕೆಲಸ ಕಲಿತವನು, ಮೂವತ್ತೈದು ವರ್ಷದವನಿರಬೇಕು.

ಊಟಕ್ಕೆ ಹೆಂಗಸರು ಪಾಳಿ ಹಾಕಿಕೊಂಡಿದ್ದರು, ದಿನಕ್ಕೊಂದು ಮನೆಯಿಂದ ಗಂಜಿ, ಸಾರು. ಪಕ್ಕದ ತೋಟದ ಮನೆಯ ಅಮ್ಮ, ಅವರು ಭಟ್ಟರ ಪೈಕಿ, ಇಗರ್ಜಿಗೂ ಅವರಿಗೂ ಸಂಬಂಧವಿಲ್ಲ, ಅವರೂ ದಿನಾ ಬೇಲಿಯ ಮೇಲಿಂದ ಮಜ್ಜಿಗೆ ಕೊಡುತ್ತಿದ್ದರು. ಪಾಳಿಯಲ್ಲಿ ಗಾಡಿಯವನ ಹೆಂಡತಿಯೂ ಇದ್ದಳು. ಅವಳ ಮಗಳು ನನ್ನ ಅಂಗನವಾಡಿಗೆ ಬರುತ್ತಿದ್ದಳು, ನಾಲ್ಕು ವರ್ಷದ ಮಗು. ಹಿಂದಿನ ವರ್ಷ ಆ ಮಗುವಿನ ತಲೆಯ ಹೇನಿನ ವಿಷಯಕ್ಕೆ ತಾಯಿಯನ್ನು ಎಲ್ಲರೆದುರು ಬೈದಿದ್ದೆ, ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಈಗ ತನ್ನ ಪಾಳಿಯ ದಿನವಷ್ಟೇ ಅಲ್ಲ, ನಡುವೆಯೂ ಬರುತ್ತಿದ್ದಳು. ಬಂದವಳು ನನ್ನ ಬಟ್ಟೆ ಒಗೆದು ಹಾಕುತ್ತಿದ್ದಳು, ಬೇಡ ಅಂದರೆ ಟೀಚರ್ ನೀವು ಸುಮ್ನಿರಿ ಅನ್ನುತ್ತಿದ್ದಳು. ಇವರ ಬಾಯಿಗೆ ಗಂಜಿ ಹಾಕುವುದರಲ್ಲಿ ಅವಳಿಗಿದ್ದ ತಾಳ್ಮೆ ನನಗಿರಲಿಲ್ಲ. ನಾನು ತಿನ್ನಿಸಿದರೆ ಜಗಳ, ಅವಳು ತಿನ್ನಿಸಿದರೆ ಇವರು ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದರು.

ಇವರನ್ನು ಮನೆಗೆ ತಂದ ಹತ್ತನೆಯ ದಿನವೋ ಏನೋ, ಅವಳು ಗಂಜಿ ತಂದಾಗ ಕಣ್ಣು ಕೆಂಪಗಿತ್ತು. ತಲೆನೋವು, ಸೊಂಟ ಬಿದ್ದುಹೋಗುತ್ತಿದೆ ಅಂದಳು. ಕೊಟ್ಟಿಗೆಗೆ ಹಾಸಲು ಕಾಡಿನಲ್ಲಿ ದರಕು ಗುಡಿಸಿ ಹೊತ್ತು ತಂದಿದ್ದಳು, ಆ ಒಣ ಎಲೆಯ ಹೊರೆಯ ಆಯಾಸ ಇರಬೇಕು ಅಂದಳು. ಈಗ ನಾನು ಹೇಳುವುದನ್ನು ಕೇಳಿ. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಸೀಜನ್ನಿನಲ್ಲಿ ಕಾಡಿಗೆ ಹೋಗಬೇಡಿ, ಹೋದರೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಅಂತ ಮನೆಮನೆಗೆ ಚೀಟಿ ಹಂಚಿದವಳು ನಾನು. ಎಣ್ಣೆಯ ಬಾಟಲಿ ಹಂಚಿದವಳೂ ನಾನೇ. ಅವಳ ಕೆಂಪು ಕಣ್ಣು ನೋಡಿ ನನಗೆ ಗೊತ್ತಾಗಬೇಕಿತ್ತು. ನನ್ನ ಬಾಯಲ್ಲಿ ಬಂದದ್ದು ಬೇರೆ. ಸಿಲಿಂಡರಿನ ಮುಳ್ಳು ಕೆಳಗೆ ಬಂದಿದೆ, ನಾಳೆ ಬೆಳಿಗ್ಗೆಯೇ ನಿನ್ನ ಗಂಡ ಸಿರಸಿಗೆ ಹೋಗಿಬರಲಿ ಅಂದೆ. ಆಯ್ತು ಟೀಚರ್, ಹೇಳ್ತೇನೆ ಅಂದು ಹೋದಳು.

ಅವನು ಹೋದ. ಸಿರಸಿಯಲ್ಲಿ ಅವತ್ತು ಸಿಲಿಂಡರ್ ಸಿಗದೆ ಕಾದು, ಇಸಳೂರಿನ ಹತ್ತಿರ ಯಾರದೋ ಮನೆಯಲ್ಲಿದ್ದ ಒಂದನ್ನು ಬೇಡಿಕೊಂಡು ತಂದು, ನಮ್ಮ ಮನೆಯ ಮೂಲೆಯಲ್ಲಿ ನಿಲ್ಲಿಸುವಾಗ ಸಂಜೆಯಾಗಿತ್ತು. ಮನೆಗೆ ಹೋಗಿ ನೋಡಿದರೆ ಅವಳಿಗೆ ಎಚ್ಚರ ತಪ್ಪಿತ್ತು. ಸಿದ್ದಾಪುರಕ್ಕೆ ಒಯ್ದರು, ಅಲ್ಲಿಂದ ಮುಂದಿನ ದೊಡ್ಡ ಆಸ್ಪತ್ರೆಗೆ. ಮೂರನೆಯ ದಿನ ಹೋಗಿಬಿಟ್ಟಳು. ಮೂವತ್ತು ತುಂಬಿರಲಿಲ್ಲ.

ಫಾದರ್ ಮತ್ತು ಗಾಡಿಯವನು ನಮ್ಮ ಮನೆಗೆ ಬಂದಾಗ ಬೆಳಿಗ್ಗೆ ಹತ್ತು ಗಂಟೆ. ಅವಳ ಹೆಣ ದಾರಿಯಲ್ಲಿತ್ತು. ಹೆಚ್ಚು ಹೊತ್ತು ಇಟ್ಟುಕೊಳ್ಳಬೇಡಿ, ಅವತ್ತೇ ಮಣ್ಣು ಮಾಡಿಬಿಡಿ ಅಂತ ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಹೊಸ ಹೊಂಡ ಸಂಜೆಯೊಳಗೆ ಆಗುವ ಮಾತಲ್ಲ. ಒಬ್ಬರಿಗೆಂದು ತೆಗೆದ ಹೊಂಡವನ್ನು ಇನ್ನೊಬ್ಬರಿಗೆ ಕೊಡುವುದಾದರೆ ಆ ಮನೆಯವರು ಒಪ್ಪಬೇಕು ಅಂತ ಹಿರಿಯರು ಹೇಳಿದ್ದರು. ಅದಕ್ಕೆ ಮೊದಲು ಹೀಗೆ ಕೇಳುವ ಪ್ರಸಂಗ ಯಾರಿಗೂ ಬಂದಿರಲಿಲ್ಲ. ಫಾದರ್ ಆ ಹೊಂಡ ಅಂತ ಶುರು ಮಾಡಿ ನಿಲ್ಲಿಸಿದರು. ಗಾಡಿಯವನು ಬಾಗಿಲ ಪಟ್ಟಿ ಹಿಡಿದು ನಿಂತಿದ್ದ, ಒಳಗೆ ಬರಲಿಲ್ಲ. ಇವರಿಗೆ ಅರ್ಥವಾಯಿತು. ಮೂಗಿನ ನಳಿಕೆ ತೆಗೆಸಿ, "ತಗೊಳ್ಳಿ. ನಂಗೆ ಅವಸರ ಇಲ್ಲ. ಅವಳು ಗಿಡ್ಡಿ, ಕಾಲಿನ ಕಡೆ ಜಾಗ ಉಳೀತದೆ, ಅಲ್ಲಿ ಕಲ್ಲು ತುಂಬ್ಬೇಡಿ, ಮಣ್ಣೇ ಹಾಕಿ," ಅಂದರು. ಅಷ್ಟು ಹೇಳಿ ಗೋಡೆ ಕಡೆ ತಿರುಗಿದರು.

ನಾನು ಮಣ್ಣಿಗೆ ಹೋಗಲಿಲ್ಲ, ಇವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಗಂಟೆಯ ಸದ್ದು ಮಾತ್ರ ಕೇಳಿತು. ಅದು ನಿಂತ ಮೇಲೆ ಪಕ್ಕದ ತೋಟದ ಅಮ್ಮ ಬೇಲಿಗೆ ಬಂದರು. ಮಜ್ಜಿಗೆಯ ಪಾತ್ರೆ ನನ್ನ ಕೈಗೆ ಕೊಟ್ಟು ಹೇಳಿದರು: "ಹೊಂಡ ತುಂಬಿಜು ಅಲ್ದ, ಇನ್ನು ನಿನ್ನ ಗಂಡಂಗೆ ಎಂತೂ ಆಗ್ತಿಲ್ಲೆ. ಹೆದರಡ." ಹೊಂಡ ತುಂಬಿತು, ಇನ್ನು ಹೆದರಬೇಡ ಅಂತ ಅವರು ಧೈರ್ಯಕ್ಕೆ ಹೇಳಿದ್ದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ಅವರು ಹೇಳುವ ಮೊದಲೇ ನನ್ನೊಳಗೆ ಇತ್ತು. ಬೆಳಿಗ್ಗೆ ಫಾದರ್ ಬಂದು ಹೊಂಡ ಅಂದಾಗಲೇ ಇತ್ತು. ಸಾವಿಗೆ ಬೇಕಾದದ್ದು ಸಿಕ್ಕಿತು, ಇನ್ನು ಈ ಮನೆಯ ಕಡೆ ತಿರುಗುವುದಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ತಿಳಿವಳಿಕೆ ಹೇಳಿದವಳ ತಲೆಯೊಳಗೆ ಓಡುತ್ತಿದ್ದದ್ದು ಇದು. ಹುಬ್ಬಳ್ಳಿಗೆ ಹೋದಾಗಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ. ಅವತ್ತು ಒಳಗೆ ಹೋಗಿ ತಟ್ಟೆ ಹಾಕಿಕೊಂಡು ಹೊಟ್ಟೆ ತುಂಬ ಉಂಡೆ. ಎರಡನೆಯ ಸಲ ಬಡಿಸಿಕೊಂಡೆ. ಎರಡು ಫರ್ಲಾಂಗು ಆಚೆ ಅವಳ ಮೇಲಿನ ಮಣ್ಣು ಇನ್ನೂ ಒಣಗಿರಲಿಲ್ಲ, ನಾನು ತಟ್ಟೆ ನೆಕ್ಕುತ್ತಿದ್ದೆ.

ಅಷ್ಟಕ್ಕೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಇವರು ಅವತ್ತು ಗಂಜಿ ಮುಟ್ಟಲಿಲ್ಲ. ಹಟ ಮಾಡಿದೆ, ಬೇಡಿಕೊಂಡೆ, ಆಮೇಲೆ ನಾಲಿಗೆ ಹರಿಬಿಟ್ಟೆ. "ಅವಳು ಹೋದ್ಲು, ನೀವು ಉಳೀತೀರಿ. ಈಗಾದ್ರೂ ಉಣ್ಣಿ," ಅಂದೆ. ಇವರು ಕಣ್ಣು ತೆರೆದು ನನ್ನನ್ನು ನೋಡಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷ, ನಾನು ಕೂಗಾಡಿದ್ದೇ ಹೆಚ್ಚು, ಇವರು ಒಂದು ಗಡಸು ಮಾತೂ ಆಡಿದವರಲ್ಲ. "ಬಾಯಿ ಮುಚ್ಚು," ಅಂದರು. ಉಸಿರಿಲ್ಲದ ದನಿಯಲ್ಲಿ, ಮೆಲ್ಲಗೆ.

ಮುಚ್ಚಿದೆ. ಮಾರನೇ ದಿನ ಗಂಜಿ ಕುಡಿದರು. ಅದರ ಮರುದಿನ ದಿಂಬಿಗೆ ಒರಗಿ ಕೂತರು, ಬಂದವರ ಜೊತೆ ನಾಲ್ಕು ಮಾತಾಡಿದರು. ಎಲ್ಲರೂ ಪವಾಡ ಅಂದರು. ನನ್ನ ಎದೆಯೊಳಗೆ ಆ ಕೆಟ್ಟ ಸಂತೋಷ ಇನ್ನಷ್ಟು ಉಬ್ಬಿತು. ಆದರೆ ನನ್ನ ಜೊತೆ ಇವರು ಮಾತಾಡಲಿಲ್ಲ. ನೀರು ಅಂದರು, ಬೆನ್ನು ತಿಕ್ಕು ಅಂದರು, ಕಿಟಕಿ ತೆಗಿ ಅಂದರು. ಮುಂಚಿನ ಹಾಗೆ ಒಂದು ರೇಗಿಸುವ ಮಾತಿಲ್ಲ, ನಗುವಿಲ್ಲ. ನಾನು ಹಾಸಿಗೆಯ ಅಂಚಿಗೆ ಕೂತರೆ ನನ್ನ ತಲೆಯ ಮೇಲಿಂದ ಕಿಟಕಿಯ ಕಡೆ ನೋಡುತ್ತಿದ್ದರು. ಸರಿಹೋಗುತ್ತಾರೆ, ಎದ್ದು ಓಡಾಡುವ ಹಾಗಾಗಲಿ, ಆಗ ಕಾಲು ಹಿಡಿದಾದರೂ ಸರಿಮಾಡುತ್ತೇನೆ ಅಂದುಕೊಂಡೆ. ಸಮಯವಿದೆ ಅಂತ ನಂಬಿದ್ದ ಮೂರ್ಖಳು.

ಅವಳನ್ನು ಮಣ್ಣು ಮಾಡಿ ಆರು ದಿನಕ್ಕೆ, ಬೆಳಿಗ್ಗೆ, ನಾನು ಹಿತ್ತಲಿಗೆ ಬಟ್ಟೆ ಒಣಗಿಸಲು ಹೋಗಿ ಬರುವಷ್ಟರಲ್ಲಿ ಇವರು ಇರಲಿಲ್ಲ. ಕರೆಂಟು ಇತ್ತು. ಮಷಿನ್ನು ತನ್ನ ಪಾಡಿಗೆ ಗುರುಗುಡುತ್ತಿತ್ತು. ಜನರೇಟರಿನಲ್ಲಿ ಎಣ್ಣೆ ಇತ್ತು, ಸಿಲಿಂಡರ್ ತುಂಬಿತ್ತು. ಒಂದಾದರೂ ಕೊರತೆಯಾಗಿದ್ದರೆ ಅದನ್ನು ಬೈದುಕೊಂಡು ಬದುಕಬಹುದಿತ್ತು. ಆ ಜನ ಏನನ್ನೂ ಕಡಿಮೆ ಮಾಡಿರಲಿಲ್ಲ.

ಈ ಸಲ ಫೋನು ಮಾಡಲು ನನಗೆ ಕೈ ಬರಲಿಲ್ಲ. ಗಂಜಿ ತಂದ ಹೆಂಗಸು ನೋಡಿ ಓಡಿಹೋಗಿ ಹೇಳಿದಳು. ಹೆಂಗಸರು ಬಂದು ಇವರ ಮೈ ತೊಳೆದು ಬಟ್ಟೆ ತೊಡಿಸಿದರು, ನನ್ನ ಸುತ್ತ ಕೂತು ಜಪ ಶುರು ಮಾಡಿದರು. ಅಷ್ಟರಲ್ಲಿ ಸ್ಮಶಾನದ ಕಡೆಯಿಂದ ಪಿಕಾಸಿಯ ಸದ್ದು ಕೇಳಿಸಿತು, ಒಂದೇ ಪಿಕಾಸಿ. ಯಾರು ಅಂತ ಕೇಳಿದೆ. ಗಾಡಿಯವನು, ಉಳಿದವರು ಇನ್ನೂ ಬರಬೇಕು, ಇವನು ಸುದ್ದಿ ಕೇಳಿದ್ದೇ ಹೋದನಂತೆ ಅಂದರು. ನಾನು ಎದ್ದೆ. ಕೂತ್ಕೊಳ್ಳಿ ಟೀಚರ್ ಅಂತ ಸೆರಗು ಹಿಡಿದರು, ಬಿಡಿಸಿಕೊಂಡು ನಡೆದೆ. ನಮ್ಮಲ್ಲಿ ಹೊಂಡ ತೆಗೆಯುವಲ್ಲಿಗೆ ಹೆಂಗಸರು ಹೋಗುವುದಿಲ್ಲ.

ಅವಳ ಗೋರಿಯ ಪಕ್ಕದ ಜಾಗ. ಅವನು ಮೊಣಕಾಲುದ್ದ ಇಳಿದಿದ್ದ, ಅಂಗಿ ಬಿಚ್ಚಿ ಅವಳ ಶಿಲುಬೆಯ ಮೇಲೆ ಹಾಕಿದ್ದ. ನೀನು ತೆಗೀಬೇಡ, ಬೇರೆಯವರು ಬರಲಿ ಅಂದೆ. ಅವನು ನಿಲ್ಲಿಸಲಿಲ್ಲ. ಪಿಕಾಸಿ ಏಳುತ್ತಿತ್ತು, ಬೀಳುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅವಳನ್ನ ಮಣ್ಣು ಮಾಡಿದ ದಿನ ನಾನು ಹೊಟ್ಟೆ ತುಂಬ ಉಂಡೆ," ಅಂದೆ. "ನನ್ನ ಗಂಡ ಉಳಿದರು ಅಂತ ಖುಷಿಪಟ್ಟೆ. ಅವಳಿಗೆ ಜ್ವರ ಇದ್ದದ್ದು ನೋಡಿಯೂ ನಿನ್ನನ್ನ ಸಿರಸಿಗೆ ಓಡಿಸಿದೆ. ಇಂಥವಳಿಗೆ ನೀನು ಕಲ್ಲು ಕಡೀಬೇಡ."

ಅವನು ಪಿಕಾಸಿ ಊರಿಕೊಂಡು ನಿಂತ. ನನ್ನ ಕಡೆ ನೋಡಲಿಲ್ಲ.

"ಅವತ್ತು ಫಾದರ್ ಜೊತೆ ಹೊಂಡ ಕೇಳೋಕೆ ಬಂದಿದ್ನಲ್ಲ ಟೀಚರ್, ಆಗ ಮೂಲೇಲಿ ಸಿಲಿಂಡರ್ ಕಾಣ್ತಿತ್ತು. ನಾನೇ ತಂದದ್ದು. ಅದನ್ನ ಕಿತ್ಕೊಂಡು ಹೋಗ್ಬಿಡ್ಲಾ ಅನ್ನಿಸ್ತು. ಅದಕ್ಕೇ ನಾನು ಒಳಗೆ ಬರ್ಲಿಲ್ಲ," ಅಂದ.

ಯಾಕೆ ಒಯ್ಯಲಿಲ್ಲ ಅಂತ ಕೇಳಿದೆ. ಕಾಲಲ್ಲಿ ಒಂದು ಕಲ್ಲು ಬದಿಗೆ ಸರಿಸಿ, ಹೊಂಡ ಬಿಟ್ಟುಕೊಟ್ಟರಲ್ಲ ಅವರು ಅಂದ. ಮತ್ತೆ ಪಿಕಾಸಿ ಎತ್ತಿದ.

ಕಡಿದ ಕಲ್ಲು ಕಾಲ ಬುಡದಲ್ಲಿ ತುಂಬಿಕೊಂಡು ಅವನಿಗೆ ನಿಲ್ಲಲು ಜಾಗವಿರಲಿಲ್ಲ. ಬುಟ್ಟಿಗೆ ತುಂಬಿ ಮೇಲೆತ್ತಿದರೆ ತೆಗೆದುಕೊಳ್ಳಲು ಯಾರೂ ಇಲ್ಲ. ನಾನು ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ ಬುಟ್ಟಿ ಕೊಟ್ಟ. ಹೊತ್ತುಕೊಂಡು ಹೋಗಿ ಗೋಡೆಯ ಹತ್ತಿರ ಸುರಿದು ಬಂದೆ. ಮತ್ತೊಂದು ಕೊಟ್ಟ. ಉಳಿದವರು ಒಬ್ಬೊಬ್ಬರಾಗಿ ಹಾರೆ ಹಿಡಿದು ಬರುವಾಗ ನನ್ನ ಅಂಗೈ ಸುಲಿದು ಕೆಂಪು ದೂಳಿನಲ್ಲಿ ರಕ್ತ ಬೆರೆತಿತ್ತು. ಎಲ್ಲರಿಗಿಂತ ಹಿರಿಯವರು ನನ್ನನ್ನು ನೋಡಿ ನಿಂತರು. ಮನೆಗೆ ಹೋಗು ಅನ್ನುತ್ತಾರೆ ಅಂದುಕೊಂಡೆ. ಅವರು ತಮ್ಮ ತಲೆಯ ಟವೆಲು ಬಿಚ್ಚಿ, ಎರಡು ತುಂಡಾಗಿ ಹರಿದು, ನನ್ನ ಎರಡೂ ಕೈಗೆ ಸುತ್ತಿ ಗಂಟು ಹಾಕಿ, ಹೊಂಡಕ್ಕೆ ಇಳಿದರು. ನಾನು ಬುಟ್ಟಿಗೆ ಕೈ ಚಾಚಿದೆ. ಇನ್ನೂ ನಾಲ್ಕಡಿ ಬಾಕಿ ಇತ್ತು.